ಗೌರ ಅಲ್ಲೇ ಇರಲಿ ಎಂದರು

ಹುಣಸೂರು
ಭಾನುವಾರ, ೩-೯-೧೯೭೨

ಪ್ರೀತಿಯ ತಂಗಿ ಶಿವನಂಜಿಗೆ,

ನಿನ್ನ ಅಕ್ಕನ ಆಶೀರ್ವಾದ. ನಾವಿಲ್ಲಿ ಆರೋಗ್ಯವಾಗಿದ್ದೇವೆ, ಕೃಷ್ಣರಾಜನಗರದಲ್ಲಿ ನೀನೂ ನಿನ್ನ ಯಜಮಾನರು ನಂಜಣ್ಣನವರೂ ಹಾಗೇ ಇದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ತಡವಾದದ್ದಕ್ಕೆ ಹೊಗೆಸೊಪ್ಪಿನ ನೆಪ ಹೇಳಬಹುದು. ಸೊಪ್ಪು ಒಣಗಿಸುವ ಬ್ಯಾರನ್ನಿಗೆ ಬೆಂಕಿ ಹಾಕಿದ ಮೇಲೆ ಆರಲು ಬಿಡುವಂತಿಲ್ಲ. ಅಂಗಳದ ತುಂಬ ಸೊಪ್ಪು ಕಟ್ಟುವ ಹೆಂಗಸರು, ಅವರಿಗೆಲ್ಲ ನಾನೇ ಬೇಯಿಸಿ ಹಾಕಬೇಕು. ಆದರೆ ನಿಜ ಅದಲ್ಲ, ಬರೆಯಲು ಮನಸ್ಸು ಬರಲಿಲ್ಲ.

ಈ ಗದ್ದಲ ಮುಗಿಯುವವರೆಗೆ ಮಾತ್ರ ನೋಡಿಕೋ ಎಂದು ನನ್ನ ಮಗಳು ಗೌರಳನ್ನು ನಿನ್ನ ಹತ್ತಿರ ಬಿಟ್ಟಿದ್ದೆ. ಐದು ವರ್ಷದ ಮಗು ಜನ ಕಂಡರೆ ಕಿವಿ ಮುಚ್ಚಿಕೊಂಡು ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿತ್ತಲ್ಲ, ಅದನ್ನು ನೋಡಲಾರದೆ ಕಳಿಸಿದೆ. ಈಗ ನೀನು ಇನ್ನೊಂದು ವರ್ಷ ಇಲ್ಲೇ ಇರಲಿ ಎಂದು ಬರೆದಿದ್ದೀಯ. ನೀನು ತೋರಿಸಿದ ಮೈಸೂರಿನ ಡಾಕ್ಟರು, "ಕಿವುಡೂ ಅಲ್ಲ, ಹುಚ್ಚೂ ಅಲ್ಲ, ಈ ಮಕ್ಕಳ ಮನಸ್ಸೇ ಬೇರೆ ಥರ. ದಿನಾ ಒಂದೇ ರೀತಿ ನಡೆಸಿಕೊಂಡು ಹೋಗಿ, ಅಲ್ಲಿಂದಿಲ್ಲಿಗೆ ಎಳೆದಾಡಬೇಡಿ" ಎಂದರಂತೆ. ಅದಕ್ಕೊಂದು ಇಂಗ್ಲಿಷ್ ಹೆಸರೂ ಇದೆಯಂತೆ, ನನ್ನ ನಾಲಿಗೆ ಅದಕ್ಕೆ ತಿರುಗುವುದಿಲ್ಲ.

ಅವಳು ಭತ್ತ ಅಳೆಯುವ ಸೇರು ಹಿಡಿದು ತುಂಬಿ ಸುರಿಯುತ್ತ ಕೂತರೆ, ನೀನು ಕರೆಯದೆ, ಮುಟ್ಟದೆ, ಪಕ್ಕದಲ್ಲೇ ಇನ್ನೊಂದು ಸೇರು ಹಿಡಿದು ಸುರಿಯುತ್ತ ಕೂತೆಯಂತೆ. ಒಂದು ದಿನ ಅವಳೇ ತನ್ನ ಸೇರನ್ನು ನಿನ್ನ ಕಡೆ ತಳ್ಳಿ "ಸುರಿ" ಅಂದಳಂತೆ. ಓದಿ ನಾನು ಕುಣಿಯಬೇಕಿತ್ತು. ಒಲೆಯ ಮುಂದೆ ಕೂತು ಅತ್ತುಬಿಟ್ಟೆ. ಇಷ್ಟು ವರ್ಷ "ಅವ್ವ ಅನ್ನು, ಅವ್ವ ಅನ್ನು" ಎಂದು ಗೋಗರೆದವಳು ನಾನು, ಮೊದಲ ಮಾತು ಬಿದ್ದದ್ದು ನಿನ್ನ ಕಿವಿಗೆ. ನಮ್ಮ ಮನೆಯಲ್ಲೂ ಸೇರಿತ್ತು, ಭತ್ತವಿತ್ತು. ನಿನಗೆ ಹೊಳೆದದ್ದು ನನಗೇಕೆ ಹೊಳೆಯಲಿಲ್ಲ ಎಂದು ನಿನ್ನ ಮೇಲೇ ಸಿಟ್ಟು ಬಂತು.

ಹೊಟ್ಟೆಕಿಚ್ಚು ಕಣೆ, ಮುಚ್ಚಿಡುವುದೇನು. ಚಿಕ್ಕವರಿದ್ದಾಗ ಅಪ್ಪ ಸಂತೆಯಿಂದ ತಂದ ಬಳೆ ಯಾವಾಗಲೂ ನಿನ್ನ ಕೈಗೇ ಸರಿಹೋಗುತ್ತಿತ್ತು, ಆಗಲೂ ಉರಿದುಕೊಂಡಿದ್ದೆ. ಬಳೆಯನ್ನಾದರೆ ಬಿಟ್ಟುಕೊಟ್ಟು ಸುಮ್ಮನಾಗಬಹುದು.

ಮನೆಯಲ್ಲಿ ಯಾರೂ ನನ್ನ ಕಡೆಗಿಲ್ಲ. ನಮ್ಮತ್ತೆ, "ಅಲ್ಲಿ ಸುದಾರ್ಸ್ಕಂಡವಳೆ ಅಂದ್ಮೇಲೆ ಇನ್ನೇನವ್ವ ನಿಂದು? ಬುಡು, ಅಲ್ಲೇ ಇರ್ಲಿ" ಅಂದರು. ನಿನ್ನ ಭಾವ ಮುದ್ದೆ ಮುರಿಯುತ್ತ, "ಮಗೀಗೆ ಒಳ್ಳೇದಾದ್ರೆ ಸಾಕು ಕಣಮ್ಮಿ, ಯಾರ್ ಮನೇಲಿದ್ರೇನು" ಅಂದರು.

"ನಿಮಗೇನು, ಎತ್ತೋಳು ನಾನು" ಅಂದೆ.

"ಎತ್ತೋಳು ಅಂತ ಅದ್ಕೆ ಗೊತ್ತಾಗ್ಬೇಕಲ್ಲ" ಅಂದುಬಿಟ್ಟರು. ಆಮೇಲೆ ನನ್ನ ಮುಖ ನೋಡಲಾರದೆ ಅರ್ಧ ಊಟಕ್ಕೇ ಕೈ ತೊಳೆಯಲು ಎದ್ದರು.

ಒಪ್ಪಿಗೆ ಎಂದು ಬರೆದು ಹಾಕು ಎಂದಿದ್ದಾರೆ. ಅದೊಂದು ಮಾತು ಬಿಟ್ಟು ಉಳಿದದ್ದನ್ನೆಲ್ಲ ಬರೆದಿದ್ದೇನೆ. ಮಜ್ಜಿಗೆ ಹುಳಿಯಾದರೆ ಅವಳಿಗೆ ಕೆಮ್ಮು ಬರುತ್ತದೆ. ತಲೆ ಬಾಚುವಾಗ ಹಿಂದಿನಿಂದ ಕೈ ಹಾಕಬೇಡ, ಬೆಚ್ಚುತ್ತಾಳೆ. ನಿನಗೆ ಇದೆಲ್ಲ ಗೊತ್ತೇ ಇರುತ್ತದೆ, ಆದರೂ ನಾನು ಹೇಳಿದೆನೆಂದು ಇರಲಿ. ನಿಮ್ಮ ಮನೆ ತಣ್ಣಗಿರಲಿ, ನಿನ್ನ ಮಡಿಲೂ ಬೇಗ ತುಂಬಲಿ. ಇದು ಕುಹಕವಲ್ಲ, ನಿಜವಾಗಿ ಹರಸಿದ್ದು.

ನಿನ್ನ ಅಕ್ಕ,
ಗುರುಶಾಂತಮ್ಮ

ತಾ.ಕ. ಕಳೆದ ಸಲ ನಿಮ್ಮಲ್ಲಿಗೆ ಬರುವಾಗ, ಮಗುವಿನ ಹತ್ತಿರ ಹೋಗುತ್ತೇನೆಂದು ಸೀಗೆಕಾಯಿ ಹಾಕಿ ಉಜ್ಜಿ ಹೊಗೆಸೊಪ್ಪಿನ ವಾಸನೆಯೆಲ್ಲ ತೊಳೆದುಕೊಂಡು, ಟ್ರಂಕಿನ ಸೀರೆ ಉಟ್ಟು ಬಂದಿದ್ದೆ. ನೀನು ಅಡಿಗೆಮನೆಯಲ್ಲಿದ್ದೆ, ನೋಡಲಿಲ್ಲ. ಗೌರ ಬಂದು ನನ್ನ ಅಂಗೈ ಮೂಸಿದಳು. ಯಾರದೋ ವಸ್ತುವನ್ನು ಕೆಳಗಿಡುವ ಹಾಗೆ ಕೈ ಬಿಟ್ಟು, ಒಳಗೆ ನಿನ್ನ ಹತ್ತಿರ ಹೋದಳು. ಮನೆಗೆ ಬಂದು ಸೊಪ್ಪು ಕಟ್ಟಿ ಕೈ ಅಂಟಂಟಾದಾಗ ಹೊಳೆಯಿತು, ಹುಟ್ಟಿದಾಗಿನಿಂದ ಅವಳಿಗೆ ಅವ್ವ ಎಂದರೆ ಈ ವಾಸನೆಯೇ ಇರಬೇಕೆಂದು. ಹಾಗೆಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೇನೋ ಏನೋ. ಮುಂದಿನ ವಾರ ಸೊಪ್ಪು ಕಟ್ಟಿದ ಕೈಯಲ್ಲೇ, ಆ ಕೆಲಸದ ಸೀರೆಯಲ್ಲೇ ಬರುತ್ತೇನೆ, ನಂಜಣ್ಣನವರ ಮುಂದೆ ನಾಚಿಕೆಯಾದರೂ ಸರಿ. ಅವಳು ನನ್ನ ಗುರುತು ಹಿಡಿದರೆ ಎಷ್ಟು ದಿನ ಬೇಕಾದರೂ ನಿನ್ನ ಹತ್ತಿರ ಬಿಟ್ಟು ಬರುತ್ತೇನೆ. ಹಿಡಿಯದಿದ್ದರೆ ಕರೆದುಕೊಂಡು ಬಂದುಬಿಡುತ್ತೇನೆ, ನೀನು ಅಡ್ಡ ಬರಬೇಡ.