ಹಂಪಮ್ಮನ ಖಾನಾವಳಿಯಲ್ಲಿ ಎರಡು ಕುರ್ಚಿ

ಹೊನ್ನಾವರ,
ಏಪ್ರಿಲ್ ನಲವತ್ತೊಂದು, ೨೨೧೪

ಇನ್ನೂರು ವರ್ಷ ಹಿಂದಿನ ಅಣ್ಣಂದಿರೇ, ಅಕ್ಕಂದಿರೇ,

ಮಾಸ್ತಪ್ಪ ನಾಯ್ಕ ಮಾಡುವ ನಮಸ್ಕಾರ. ತಾರೀಖು ನೋಡಿ ತಲೆ ಕೆಡಿಸಿಕೊಳ್ಳಬೇಡಿ. ಬೇಸಿಗೆ ಉದ್ದವಾದ ಹಾಗೆಲ್ಲ ನಮ್ಮವರು ಏಪ್ರಿಲ್ ತಿಂಗಳನ್ನೂ ಎಳೆದು ಉದ್ದ ಮಾಡಿದ್ದಾರೆ. ನನ್ನ ಕೆಲವು ಮಾತು ವಿಚಿತ್ರವಾಗಿ ಕಂಡರೆ ಬೈದುಕೊಳ್ಳಬೇಡಿ. ನಿಮ್ಮ ಕಾಲದ ಕನ್ನಡ ನನಗೆ ಹತ್ತನೇ ಕ್ಲಾಸಿನ ಪುಸ್ತಕದಲ್ಲಿ ಇದ್ದಷ್ಟೇ ಗೊತ್ತು.

ಒಳ್ಳೆಯ ಹೋಟೆಲಿನಲ್ಲಿ ಕೂರಲು ನೀವು ಫೋನಿನ ಮೇಲೆ ಬೆರಳೊತ್ತಿ ಜಾಗ ಹಿಡಿಯುತ್ತಿದ್ದಿರಂತೆ. ಆಮೇಲೆ ಯಂತ್ರಗಳೇ ಎಲ್ಲ ಜಾಗವನ್ನೂ ಹಿಡಿದುಕೊಂಡವು. ಯಂತ್ರಕ್ಕೆ ಹಸಿವಿಲ್ಲ, ಮಾಡಿದ ಅಡುಗೆ ಹಳಸಿತು. ಅದಕ್ಕೇ ನಮ್ಮ ಕಾಲದಲ್ಲಿ ಹಸಿಹಾಸು ಬಂದಿದೆ. ಹೋಟೆಲಿನ ಅಂಗಳದಲ್ಲಿ ಸಾಲಾಗಿ ಕುರ್ಚಿ ಇಟ್ಟಿರುತ್ತಾರೆ. ಒಂದು ಒದ್ದೆ ಟವಲ್ಲನ್ನು ಕುರ್ಚಿಯ ಮೇಲೆ ಹಾಸಿದರೆ ಆ ಸರದಿ ನಿಮ್ಮದು. ಆದರೆ ಟವಲ್ಲು ಒಣಗುವವರೆಗೆ ಮಾತ್ರ. ಸರದಿ ಬಂದಾಗ ಆ ಕುರ್ಚಿಯನ್ನೇ ಎತ್ತಿಕೊಂಡು ಒಳಗೆ ಹೋಗಿ ಊಟಕ್ಕೆ ಕೂರುವುದು. ನಮ್ಮ ಹೊನ್ನಾವರದಲ್ಲಿ ಇದೊಂದು ಕಷ್ಟವೇ ಅಲ್ಲ. ಮಳೆಗಾಲದಲ್ಲಿ ಟವಲ್ಲು ಹಾಸಿ, ಭಟ್ಕಳಕ್ಕೆ ಹೋಗಿ ನೆಂಟರನ್ನು ಮಾತಾಡಿಸಿ ಬಂದರೂ ಅದು ಹಸಿಯಾಗಿಯೇ ಇರುತ್ತದೆ.

ನಾನು ತೇಲುಬಸ್ಸಿನಲ್ಲಿ ಊರೂರು ತಿರುಗಿ ಒಣಮೀನು ಮಾರುವವನು. ಬೇಸಿಗೆಯಲ್ಲಿ ಡಾಂಬರು ಕರಗುವುದರಿಂದ ನಮ್ಮ ಬಸ್ಸುಗಳು ರಸ್ತೆಯಿಂದ ಒಂದು ಗೇಣು ಮೇಲೆ ಹೋಗುತ್ತವೆ. ಒಂದೇ ಕಡೆ ಕೂತರೆ ನನ್ನ ಕಾಲು ಜೋಮು ಹಿಡಿಯುತ್ತದೆ. ಹೋದಲ್ಲೆಲ್ಲ ಆ ಊರಿನ ಊಟ ಮಾಡಬೇಕು, ಅದೇ ನನ್ನ ಹುಚ್ಚು. ಅದೇ ಹುಚ್ಚಿನವಳು ರಾಯಚೂರಿನ ಹುಲಿಗೆಮ್ಮ. ಕಳೆದ ಮಳೆಗಾಲದಲ್ಲಿ ಬಂಗುಡೆ ಸಾರು ಉಣ್ಣಲು ಅಷ್ಟು ದೂರದಿಂದ ಬಂದು ನಮ್ಮೂರಿನ ಹೋಟೆಲಿನಲ್ಲಿ ನನ್ನ ಪಕ್ಕದಲ್ಲಿ ಕೂತಿದ್ದಳು. ಮೂರನೆಯ ಭೇಟಿಯಲ್ಲಿ ನಾನು ಮದುವೆಯ ಮಾತೆತ್ತಿದೆ.

"ನಿಮ್ಮೂರಾಗ ಕುರ್ಚಿ ಹಿಡಿಯೋದು ಏನ್ ದೊಡ್ಡದು? ಬ್ಯಾಸಗಿಯಾಗ ನಮ್ಮ ಹಂಪಮ್ಮನ ಖಾನಾವಳಿಯಾಗ ನಿನಗೊಂದು ನನಗೊಂದು ಹಿಡದು ತೋರ್ಸು. ಆಮ್ಯಾಲ ಮದಿವಿ ಮಾತು" ಎಂದಳು.

"ಅಷ್ಟೇ ಅಲ್ವನೇ ಮಾರಾಯ್ತಿ!" ಎಂದುಬಿಟ್ಟೆ.

ಹಂಪಮ್ಮನ ಪುಂಡಿಪಲ್ಯ, ಬಿಸಿ ಜೋಳದ ರೊಟ್ಟಿಗೆ ನಾಲ್ಕು ಜಿಲ್ಲೆಯ ಜನ ಬರುತ್ತಾರೆ. ನಾನು ಏಪ್ರಿಲ್ ಮೊದಲಿಗೇ ಹೋಗಿ ಎರಡು ಟವಲ್ಲು ಹಾಸಿ, ನಮ್ಮೂರಿನ ಅಭ್ಯಾಸದಂತೆ ಬಜಾರು ಸುತ್ತಲು ಹೊರಟೆ. ಬಂದು ನೋಡಿದರೆ ಎರಡೂ ಹಪ್ಪಳದ ಹಾಗೆ ಗರಿಗರಿ. ಹಂಪಮ್ಮ ಅವನ್ನು ಮಡಚಿ ನನ್ನ ಕೈಗಿಟ್ಟು, "ತಮ್ಮಾ, ಇದು ನಿಮ್ಮ ಸಮುದ್ರದ ದಂಡಿ ಅಲ್ಲ. ಇಲ್ಲಿ ಎಲಿಅಡಿಕಿ ಹಾಕ್ಕೊಂಡು ಉಗುಳೋದ್ರಾಗ ಟವಲ್ ಒಣಗ್ತದ" ಎಂದಳು.

ಎರಡನೆಯ ಸಲ ಸಮುದ್ರದ ನೀರಿನಲ್ಲಿ ನೆನೆಸಿದ ಟವಲ್ಲು ಒಯ್ದೆ. ಉಪ್ಪುನೀರಿನ ಬಟ್ಟೆ ಬೇಗ ಒಣಗುವುದಿಲ್ಲ ಎಂದು ಬಂದರಿನಲ್ಲಿ ಬೆಳೆದ ಯಾರಿಗಾದರೂ ಗೊತ್ತು. ಹಂಪಮ್ಮ ತುದಿಯನ್ನು ಬೆರಳಿಂದ ಒತ್ತಿ, ನಾಲಗೆಗೆ ಮುಟ್ಟಿಸಿಕೊಂಡು, "ಉಪ್ಪು ನಾ ಪಲ್ಯಕ್ಕ ಹಾಕ್ತೀನಪಾ, ಕುರ್ಚಿಗಲ್ಲ" ಎಂದಳು. ಅಂಗಳವೇ ನಕ್ಕಿತು.

ಹಾಗಾದರೆ ಉಳಿದವರದು ಹೇಗೆ ಒಣಗುವುದಿಲ್ಲ? ಮೂರನೆಯ ಸಲ ಅಲ್ಲೇ ನಿಂತು ನೋಡಿದೆ. ತಾನು ಹಾಸಿದ್ದಕ್ಕೆ ತಾನು ನೀರು ಹಾಕುವಂತಿಲ್ಲ, ಬೇರೆಯವರು ಹಾಕಬಹುದು. ಹಸಿಹಾಸಿನ ಅರ್ಧ ಕಾನೂನೇ ಇದು. ಬೇಕಾಗಿಯೇ ಇಲ್ಲದ್ದರಿಂದ ನಮ್ಮ ಕರಾವಳಿಯಲ್ಲಿ ಎಲ್ಲರೂ ಮರೆತಿದ್ದಾರೆ. ಪಕ್ಕದ ಕುರ್ಚಿಯ ಖಾಜಾಸಾಬರು ಹತ್ತಿ ವ್ಯಾಪಾರಿ. "ಚಾಚಾ, ನಂದಕ್ಕೂ ಒಂಚೂರು ನೀರು ಹಾಕ್ತ್ರಾ?" ಎಂದು ಕೇಳಿದೆ.

"ಯಾಕಪಾ? ಮೊನ್ನೆ ನನ್ನ ಟವಲ್ ಒಣಗಾಕತ್ತಿದಾಗ ನೀ ಬಜಾರದಾಗ ಬಳಿ ಅಂಗಡಿ ಮುಂದ ನಿಂತಿದ್ದಿ" ಎಂದರು.

ಮಾತು ಸರಿಯಾಗಿ ನಾಟಿತು. ಹೇಗೂ ನನಗೆ ಕೂರಲು ಬರುವುದಿಲ್ಲ. ಬಾಗಿಲ ಬಳಿಯ ಕೊಡ ಎತ್ತಿಕೊಂಡು ಖಾಜಾಸಾಬರ ಟವಲ್ಲಿಗೆ ಸುರಿದೆ, ಅದರಾಚೆಯ ಮುದುಕಿಯದಕ್ಕೆ, ಅದರಾಚೆಯ ಬಸುರಿಯದಕ್ಕೆ, ಸಾಲಿನ ಕೊನೆವರೆಗೆ ಹೋಗಿ ಮತ್ತೆ ಮೊದಲಿಂದ. "ಏ ಮೀನಿನ ತಮ್ಮಾ, ನಂದು ಒಣಗ್ತು ನೋಡು!" ಎಂದು ಮೂಲೆಮೂಲೆಯಿಂದ ಕರೆಯತೊಡಗಿದರು. ನನ್ನ ಎರಡಕ್ಕೂ ಯಾರೋ ಯಾರೋ ನೀರು ಹಾಕುತ್ತಲೇ ಇದ್ದರು.

ಆದರೆ ಮುಂದಿನವರೆಲ್ಲ ಒಬ್ಬೊಬ್ಬರಾಗಿ ಒಳಗೆ ಹೋದರು. ಹಿಂದಿನ ಸಾಲು ಬಿಸಿಲಿಗೆ ಹೆದರಿ ಬೇವಿನ ನೆರಳಿಗೆ ಸರಿದು ನಿದ್ದೆಗೆ ಜಾರಿತು. ನನ್ನ ಸರದಿ ಬಂದಿತ್ತು, ಆದರೆ ಊಟಕ್ಕೆ ಬರುತ್ತೇನೆಂದಿದ್ದ ಹುಲಿಗೆಮ್ಮನ ಬಸ್ಸು ಇನ್ನೂ ಬಂದಿರಲಿಲ್ಲ. ಟವಲ್ಲಿನ ಅಂಚು ಬೆಳ್ಳಗಾಗುತ್ತಾ ನಡುವಿಗೆ ಬಂತು. ಕೊಡ ನನ್ನ ಕೈಯಲ್ಲೇ ಇದೆ, ಸುರಿಯುವಂತಿಲ್ಲ. ಮಲಗಿದವರನ್ನು ಎಬ್ಬಿಸಲು ಮನಸ್ಸು ಬರಲಿಲ್ಲ. ಅಂಗೈಯಗಲ ಹಸಿ ಉಳಿದಿತ್ತು. ಮದುವೆ ಹೋಯಿತು ಎಂದುಕೊಂಡೆ.

ಆಗ ಖಾಜಾಸಾಬರು ಬಲಗೈಯೆಲ್ಲ ಪುಂಡಿಪಲ್ಯ ಮಾಡಿಕೊಂಡು, ಎಡಗೈಯಲ್ಲಿ ಕುಡಿಯುವ ನೀರಿನ ಲೋಟ ಹಿಡಿದು ಓಡಿ ಬಂದರು. "ಅರೆ, ಮೀನಿನ ಹುಡುಗಂದು ಮರ್ತೇಬಿಟ್ವಿ!" ಅವರ ಹಿಂದೆಯೇ ಮುದುಕಿ, ಬಸುರಿ, ಉಣ್ಣುತ್ತಿದ್ದವರೆಲ್ಲ ಒಂದೊಂದು ಲೋಟ ಹಿಡಿದು ಬಂದರು. ಯಾರೋ ಅವಸರದಲ್ಲಿ ಮಜ್ಜಿಗೆಯನ್ನೇ ಸುರಿದರು. ಆ ಹೊತ್ತಿಗೆ ಹುಲಿಗೆಮ್ಮ ಗೇಟು ದಾಟಿ ಬಂದಳು.

ನೀರು ಸುರಿಸುತ್ತಾ ಎರಡೂ ಕುರ್ಚಿಗಳನ್ನು ಒಳಗೆ ಹೊತ್ತೊಯ್ದೆ. ಅವಳು ಕೂತವಳೇ ಎಗರಿದಳು. "ಇದೇನು ಕುರ್ಚಿಯೋ ಕೆರಿಯೋ!"

ಹಂಪಮ್ಮ ಬಿಸಿ ರೊಟ್ಟಿ ಹಾಕುತ್ತಾ, "ಏನವಾ, ಹುಡುಗ ಪಾಸೋ ಫೇಲೋ?" ಎಂದು ಕೇಳಿದಳು.

ಹುಲಿಗೆಮ್ಮ ಮತ್ತೆ ಕೂತು, ಒಂದು ತುತ್ತು ನುಂಗಿ, "ನಾಕು ಮಂದಿ ಮುಂದ ಹೊಸ ಸೀರಿ ತೊಯ್ಸಿದಾನ ಯಕ್ಕಾ. ಇನ್ನ ನನ್ನ ಇವನೇ ಮದಿವಿ ಮಾಡ್ಕೋಬೇಕು" ಎಂದಳು.

ಮೊದಲ ಮಳೆ ಬೀಳುವ ವಾರ ಮದುವೆ. ಈ ಕಾಗದ ಬರೆದದ್ದು ಒಂದು ಬೇಡಿಕೆಗಾಗಿ. ಹಸಿಹಾಸು ಎಲ್ಲಿಂದ ಬಂತು ಎಂದು ಹಿರಿಯರನ್ನು ಕೇಳಿದರೆ ನಿಮ್ಮ ಕಡೆಗೇ ಬೆರಳು ತೋರಿಸುತ್ತಾರೆ. ಬಸ್ಸು ಬಂದು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವಲ್ಲೋ ಕರ್ಚೀಫೋ ಎಸೆದು ಸೀಟು ಹಿಡಿಯುತ್ತೀರಲ್ಲ, ಅಲ್ಲಿಂದ ಬಂದದ್ದಂತೆ. ದಯವಿಟ್ಟು ಅದನ್ನು ಬಿಡಬೇಡಿ. ಕಂಡಕ್ಟರು ಬೈಯಲಿ, ಪಕ್ಕದವರು ಮುಖ ಸಿಂಡರಿಸಲಿ, ಎಸೆಯುತ್ತಲೇ ಇರಿ. ನೀವು ನಿಲ್ಲಿಸಿದರೆ ಹುಲಿಗೆಮ್ಮ ನನಗೆ ಸಿಗುವುದಿಲ್ಲ.

ನಿಮ್ಮವನು,
ಮಾಸ್ತಪ್ಪ