ಪಾವಗಡದ ಸರೋಜಮ್ಮನಿಗೆ ಕಾಗದ

18-11-2025, ಮಂಗಳವಾರ

ತೋವಿನಕೆರೆಯಿಂದ ತಂಗಿ ದಾಸಮ್ಮ ಬೆಳಗಿನ ಬಸ್ಸಿಗೇ ಬಂದಿದ್ದಳು. ಮೊಬೈಲಿನಲ್ಲಿ ತರಿಸಿದ ಕಿವಿ ಮಷೀನನ್ನು ಸೆರಗಿನ ಗಂಟು ಬಿಚ್ಚಿ ನನ್ನ ಕೈಗಿಟ್ಟಳು. ಹಾಕಿಕೊಂಡರೆ ಸೀಟಿ ಊದಿದಂಥ ಸದ್ದು ಬಿಟ್ಟು ಬೇರೇನೂ ಕೇಳಿಸುವುದಿಲ್ಲವಂತೆ.

"ನಾಲ್ಕೂವರೆ ಸ್ಟಾರ್ ಐತೆ ಅಂತ ಮೊಮ್ಮಗಳು ಅನುಷಾ ಕಿವೀಲಿ ಕೂಗಿ ಹೇಳಿದ್ಲು ಕಣಣ್ಣ. ಪಾವಗಡದ ಸರೋಜಮ್ಮ ಅನ್ನೋರು ಬರ್ದವ್ರೆ. ಅವರವ್ವಂಗೆ ಈಗ ಹಿತ್ಲಾಗೆ ಕೋಳಿ ಕೆದಕೋದೂ ಕೇಳುಸ್ತದಂತೆ. ನಂಗೂ ಆಸೆ ಆಗೋಯ್ತು."

ಆ ಸರೋಜಮ್ಮ ನಾನೇ. ಮೊಬೈಲಿನಲ್ಲಿ ಬೇರೆ ಹೆಸರಿನ ಅಂಗಡಿ ಇಟ್ಟುಕೊಂಡು ಆ ಮಷೀನು ಮಾರುವವನು ನನ್ನ ಅಳಿಯ ಅಶ್ವತ್ಥ. "ಮಾವ, ನೀವು ನೆಂಟರಿಗೆ ಬರೆಯೋ ಕಾಗದ ಓದಿದ್ರೆ ಎದುರಿಗೆ ಕೂತು ಮಾತಾಡ್ದಂಗಿರ್ತದೆ. ಅಂಗೇ ಮಷೀನು ಕೊಂಡೋರು ಹೊಗಳಿ ಬರ್ದಂಗೆ ಒಂದಿಪ್ಪತ್ತು ಬರ್ಕೊಡಿ" ಅಂದಿದ್ದ. ಉಬ್ಬಿಹೋಗಿ ಇಪ್ಪತ್ತು ಹೆಸರಿನಲ್ಲಿ ಬರೆದುಕೊಟ್ಟೆ. ಮಷೀನನ್ನು ಕಣ್ಣಿಂದಲೂ ನೋಡಿರಲಿಲ್ಲ. ಶಾಲೆಯ ಮೆಟ್ಟಿಲು ಹತ್ತದೆ ಒಂದೊಂದೇ ಕೂಡಿಸಿ ಕಲಿತ ಅಕ್ಷರ. ಕೊನೆಗೆ ಈ ಕೆಲಸಕ್ಕೆ ಬಂತು.

ದಾಸಮ್ಮ ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಅಷ್ಟು ಚೆಂದಾಗಿ ಬರೆದೋರು ಸುಳ್ ಹೇಳ್ತಾರಾ? ನಂಗೇ ಹಾಕ್ಕೊಳಕ್ಕೆ ಬರಲ್ಲ. ಹೆಂಗೆ ಹಾಕ್ಕೋಬೇಕು ಅಂತ ಸರೋಜಮ್ಮಂಗೆ ಒಂದು ಕಾಗದ ಬರ್ದು ಕೇಳಣ್ಣ."

ಆಯಿತು ಅಂದೆ. ಅದೂ ಅವಳಿಗೆ ಕೇಳಿಸಲಿಲ್ಲ. ತಲೆಯಾಡಿಸಿದೆ.

ಈಗ ನಡುಮನೆಯಲ್ಲಿ ಮಲಗಿದ್ದಾಳೆ. ಬೆಳಿಗ್ಗೆ ಹೊರಡುವಾಗ ಕಾಗದ ಎಲ್ಲಿ ಅನ್ನುತ್ತಾಳೆ. ಹಾಳೆ ತೆಗೆದು, 'ಸರೋಜಮ್ಮನವರಿಗೆ ನಮಸ್ಕಾರಗಳು' ಎಂದು ಬರೆದಿದ್ದೇನೆ. ಅಕ್ಷರವೇನೋ ಎಂದಿನಂತೆ ದುಂಡಗೇ ಬಂದಿದೆ. ಮುಂದೆ…