ಮುರ್ಡೀನಾ ಚಿಕ್ಕಮ್ಮ ಹೋಗಬೇಕಾದ ದಾರಿ

ಸ್ಕಾರವಿಗ್ ಎಸ್ಟೇಟಿನ ವ್ಯವಸ್ಥಾಪಕರೇ,

ಮಾನ್ಯರೇ ಎಂದು ಬರೆಯಲು ಮನಸ್ಸು ಬರುತ್ತಿಲ್ಲ. ಆದರೂ ಮಾನ್ಯರೇ, ನಮ್ಮ ಹೆಣದ ದಾರಿಯ ಗೇಟಿಗೆ ನೀವು ಬೀಗ ಜಡಿದಿದ್ದೀರಿ. ನನ್ನ ಚಿಕ್ಕಮ್ಮ ಮುರ್ಡೀನಾ ಸೋಮವಾರ ತೀರಿಕೊಂಡಳು. ಶನಿವಾರ ಅವಳನ್ನು ಕಣಿವೆಯ ಆ ತುದಿಯ ಹಳೇ ಸ್ಮಶಾನಕ್ಕೆ ಹೊತ್ತು ಒಯ್ಯಬೇಕು. ಫೋನ್ ಮಾಡಿದರೆ ನಿಮ್ಮ ಗುಮಾಸ್ತ ಹೇಳುತ್ತಾನೆ: "ಅತಿಥಿಗಳು ಜಿಂಕೆ ಬೇಟೆಗೆ ಬಂದಿದಾರೆ ಮೇಡಂ. ಸುತ್ತು ರಸ್ತೇಲಿ ಕಾರಲ್ಲಿ ತಗೊಂಡು ಹೋಗ್ಬಿಡಿ, ಬೇಗಾನೂ ಆಗುತ್ತೆ."

ಸತ್ತವಳಿಗೆ ಅವಸರವೇನು ಸ್ವಾಮಿ?

ಆ ಸ್ಮಶಾನದ ಪಕ್ಕದಲ್ಲೇ ನಮ್ಮವರ ಊರಿತ್ತು. ಮನುಷ್ಯರಿಗಿಂತ ಕುರಿಗಳೇ ಲಾಭವೆಂದು ಅಂದಿನ ಜಮೀನ್ದಾರ ಸೂರಿಗೆ ಬೆಂಕಿಯಿಟ್ಟು ಅವರನ್ನು ಕಡಲಂಚಿನ ಕಲ್ಲುನೆಲಕ್ಕೆ ಅಟ್ಟಿದ. ಅರ್ಧ ಜನ ಕೆನಡಾದ ಹಡಗು ಹತ್ತಿದರು. ಉಳಿದವರು ಹಟ ಹಿಡಿದರು: ಬದುಕಲು ಬಿಡದ ಊರಿಗೆ ಸತ್ತಾದರೂ ಹೋಗುತ್ತೇವೆ. ಅಂದಿನಿಂದ ಹೆಗಲ ಮೇಲೇ ಹೋಗುತ್ತಿದ್ದೇವೆ. ಹೆಗಲು ಬದಲಿಸುವ ಕಡೆಯೆಲ್ಲ ಒಂದು ಕಲ್ಲಿಟ್ಟು, ಒಂದು ಗುಟುಕು ವಿಸ್ಕಿ ಕುಡಿದು ಮುಂದೆ ನಡೆಯುವುದು ನಮ್ಮ ಪದ್ಧತಿ. ನನ್ನ ಅಜ್ಜನನ್ನು ಹೊತ್ತವರು ಹಾಗೆ ಇಳಿಸಿದಾಗ, ಶತಮಾನಗಳ ಹಿಂದೆ ಸ್ಕಾಟರೇ ಎರಡೂ ಕಡೆ ನಿಂತು ಕಾದಿದ ಕಲೋಡನ್ ಯುದ್ಧದಲ್ಲಿ ಯಾರ ಪೂರ್ವಜ ಯಾರ ಪರ ಇದ್ದನೆಂದು ಜಗಳ ತೆಗೆದು, ಜಗಳವಾಡುತ್ತಲೇ ಮುಂದೆ ನಡೆದು, ಅಜ್ಜನನ್ನೇ ಮರೆತು ಹೋಗಿದ್ದರು! ಸ್ಮಶಾನದಲ್ಲಿ ಪಾದ್ರಿ ಕೇಳಿದರಂತೆ: "ಎಲ್ರೂ ಬಂದ್ರಲ್ಲಪ್ಪಾ, ಸತ್ತೋನೆಲ್ಲಿ?" ನಗಿ, ಪರವಾಗಿಲ್ಲ. ಅವರು ಮರಳಿ ಹೋಗಿ ಹೊತ್ತುಕೊಂಡೇ ಬಂದರು.

ನಿಮ್ಮ ಕಚೇರಿಯ ಗೋಡೆ ತುಂಬ ಕತ್ತಿ, ಗುರಾಣಿ, 'ವೀರ ಸ್ಕಾಟರ ಇತಿಹಾಸ'ದ ಚಿತ್ರಗಳು. ಗೋಡೆಯ ಮೇಲಿನ ಸ್ಕಾಟರೆಂದರೆ ಎಷ್ಟು ಪ್ರೀತಿ! ನೆಲದ ಮೇಲೆ ನಡೆಯುವ ಸ್ಕಾಟರು ಮಾತ್ರ ಜಿಂಕೆಗಳನ್ನು ಬೆದರಿಸುತ್ತಾರೆ, ಅಲ್ಲವೇ? ಬೆಟ್ಟದಲ್ಲಿ ನಡೆಯುವ ಹಕ್ಕನ್ನು ಈ ದೇಶದ ಕಾನೂನೇ ಕೊಟ್ಟಿದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡನಂತೆ.

ಕೊನೆಯ ವಾರ ಚಿಕ್ಕಮ್ಮ ನನ್ನ ಕೈ ಹಿಡಿದು, "ಏ ಉನಾ, ಕಾರಲ್ಲಿ ಹಾಕ್ಕೊಂಡು ಹೋದ್ರೆ ಅರ್ಧ ದಾರೀಲಿ ಎದ್ದು ಇಳಿದ್ಬಿಡ್ತೀನಿ ನೋಡು!" ಎಂದಳು. ಇಲ್ಲ, ಹೊತ್ತೇ ಒಯ್ಯುತ್ತೇವೆ ಎಂದು ಮಾತು ಕೊಟ್ಟಿದ್ದೇನೆ. ನನಗೀಗ ಅಳುವಿಗಿಂತ ಸಿಟ್ಟೇ ಹೆಚ್ಚು ಬರುತ್ತಿದೆ.

ಶನಿವಾರ ಬೆಳಿಗ್ಗೆ ಗೇಟು ತೆರೆದಿರಬೇಕು. ಇಲ್ಲವಾದರೆ ನಮ್ಮ ಕಮ್ಮಾರ ಟಾರ್ಕ್ವಿಲ್ ಅದನ್ನು ಕಿತ್ತು ಪಕ್ಕಕ್ಕಿಡುತ್ತಾನೆ. ಕೇಸು ಹಾಕುವುದಾದರೆ ಊರಿನವರೆಲ್ಲರ ಮೇಲೂ ಹಾಕಿ. ನಿಮ್ಮ ಅತಿಥಿಗಳಿಗೂ ಹೇಳಿಬಿಡಿ, ಅಂದು ಬಂದೂಕು ಕೆಳಗಿಡಲಿ. ಮನೆಯವಳು ಮನೆಗೆ ಬರುತ್ತಿದ್ದಾಳೆ.

ಇಂತಿ,
ಇಂದಲ್ಲ ನಾಳೆ ಅದೇ ದಾರಿಯಲ್ಲಿ ಹೋಗಬೇಕಾದ,
ಉನಾ ಮ್ಯಾಕ್‌ರೂರಿ